ಕಣ್ಣಿಗಿಂತ ಮುಂದೆ ಓಡುವ ಕ್ಯಾಮೆರಾ

(ಛಾಯಾಗ್ರಹಣವನ್ನು ವೃತ್ತಿಯಾಗಿಯೋ ಹವ್ಯಾಸವಾಗಿಯೋ ನಡೆಸುವವರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)

ಕುಣಿಗಲ್ ಕೆರೆಯನ್ನು ಕಣ್ಣಾರೆ ಕಾಣದ ಕನ್ನಡಿಗರಿಗೂ ಆ ಕೆರೆಯ ಪರಿಚಯ ಇದ್ದೇ ಇದೆ. ಅದಕ್ಕೆ ಕಾರಣ ಒಂದು ಜನಪದ ಗೀತೆ. ಅದನ್ನು ಕಟ್ಟಿದವರು ಯಾರೆಂದು ಯಾರಿಗೂ ತಿಳಿಯದು. ಅವರ ಬಳಿ ಕ್ಯಾಮೆರಾ ಇರಲಿಲ್ಲ. ಬಹುಶಃ ಕಾಗದ, ಲೇಖನಿಯೂ ಇರಲಿಲ್ಲ. ಆದರೂ ಕೆರೆಯ ವೈಭವ, ಅದನ್ನು ನೋಡುವವರ ಬೆರಗು, ಮೂಡಿ ಬರುವ ಚಂದ್ರ ಇವೆಲ್ಲ ಒಂದೇ ನೋಟದಲ್ಲಿ ಸೇರಿಕೊಂಡು, ಕೇಳುವವರ ಮನಸ್ಸಿನಲ್ಲಿ ತಲೆಮಾರುಗಳಿಂದ ಅಚ್ಚೊತ್ತಿ ನಿಂತಿವೆ.

ಅದೇ ಕೆರೆಯ ಏರಿಯ ಮೇಲೆ ಹುಣ್ಣಿಮೆಯ ರಾತ್ರಿ ಕ್ಯಾಮೆರಾ ಹಿಡಿದು ನಿಂತವರಿಗೆ ಸಿಗುವುದೇನು? ಬಹಳ ಸಲ, ಕಪ್ಪು ಬಯಲಿನಲ್ಲಿ ಒಂದು ಬಿಳಿ ಚುಕ್ಕೆ. ಕಾರಣ ಸರಳವಾದದ್ದು. ಚಂದ್ರನೆಂದರೆ ಬಿಸಿಲಿನಲ್ಲಿ ಬಿದ್ದಿರುವ ಬಂಡೆ; ಕೆರೆಯಾದರೋ ಕತ್ತಲಿನಲ್ಲಿ ಮಲಗಿರುತ್ತದೆ. ಬಂಡೆಗೆ ಸರಿಹೊಂದುವಂತೆ ಬೆಳಕು ಅಳೆದರೆ ಕೆರೆ ಮಾಯವಾಗುತ್ತದೆ, ಕೆರೆಗೆ ಸರಿಹೊಂದುವಂತೆ ಅಳೆದರೆ ಚಂದ್ರ ಸುಣ್ಣದ ಉಂಡೆಯಾಗುತ್ತಾನೆ. ಇನ್ನು ಗಾತ್ರದ ಮಾತು. ಆಕಾಶದಲ್ಲಿ ಚಂದ್ರ ಆವರಿಸುವುದು ಸುಮಾರು ಅರ್ಧ ಡಿಗ್ರಿಯಷ್ಟು ಜಾಗ. ಮೊಬೈಲ್ ಫೋನಿನ ಸಾಮಾನ್ಯ ಲೆನ್ಸ್ ಕಾಣುವ ಹರವು ಸುಮಾರು ಅರವತ್ತೈದು, ಎಪ್ಪತ್ತು ಡಿಗ್ರಿ. ಅಂದರೆ ಚಿತ್ರದ ಅಗಲವನ್ನು ನೂರ ಮೂವತ್ತು ಪಾಲು ಮಾಡಿದರೆ ಚಂದ್ರನಿಗೆ ದಕ್ಕುವುದು ಅದರಲ್ಲಿ ಒಂದು ಪಾಲು ಮಾತ್ರ. ಮನಸ್ಸು ಚಂದ್ರನನ್ನು ಹತ್ತಿರಕ್ಕೆ ಎಳೆದುಕೊಂಡು ನೋಡುತ್ತದೆ. ಯಂತ್ರಕ್ಕೆ ಅಂಥ ಮೋಹ ಇಲ್ಲ.

ಇಲ್ಲಿಂದ ಮುಂದೆ ಎರಡು ದಾರಿಗಳಿವೆ. ಒಂದು, ಮನೆಗೆ ಹೋಗಿ ಕ್ಯಾಮೆರಾ ಅಂಗಡಿಯ ದರಪಟ್ಟಿ ತೆರೆದು ಕೂರುವುದು. ಇನ್ನೊಂದು, ಪಂಚಾಂಗ ತೆರೆಯುವುದು. ಹುಣ್ಣಿಮೆಯಂದು ಚಂದ್ರ ಮೂಡುವುದು ಸರಿಸುಮಾರು ಸೂರ್ಯ ಮುಳುಗುವ ಹೊತ್ತಿಗೆ. ಅದರ ಹಿಂದಿನ ದಿನ, ಚತುರ್ದಶಿಯ ಸಂಜೆ, ಸುಮಾರು ಮುಕ್ಕಾಲು ಗಂಟೆ ಮೊದಲೇ ಮೂಡಿರುತ್ತಾನೆ. ಸೂರ್ಯ ಮುಳುಗುವ ಹೊತ್ತಿಗೆ ಅವನು ದಿಗಂತದಿಂದ ಒಂದಿಷ್ಟು ಮೇಲೆ ಬಂದಿದ್ದು, ಆಕಾಶದಲ್ಲೂ ನೀರಿನಲ್ಲೂ ಇನ್ನೂ ಬೆಳಕು ಉಳಿದಿರುತ್ತದೆ. ಬಂಡೆಗೂ ಕೆರೆಗೂ ಇದ್ದ ಜಗಳ ಆ ಹದಿನೈದು ಇಪ್ಪತ್ತು ನಿಮಿಷ ತಣ್ಣಗಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದಾಗ ಮುಂದೆ ನೀರು ಕಾಣುವಂಥ ಜಾಗ ಹುಡುಕಿ ನಿಂತರೆ ಸಾಧಾರಣ ಕ್ಯಾಮೆರಾಕ್ಕೂ ಕೆರೆ, ಚಂದ್ರ ಎರಡೂ ಒಲಿಯುತ್ತವೆ. ಚಂದ್ರ ತಟ್ಟೆಯಷ್ಟು ದೊಡ್ಡದಾಗಿ ಕಾಣಬೇಕೆಂದರೆ ಉದ್ದನೆಯ ಲೆನ್ಸ್ ಬೇಕು, ಅದು ನಿಜ. ಆದರೆ ಆ ಹಾಡಿನಲ್ಲಿರುವುದು ಕೆರೆಯ ಮೇಲಿನ ಚಂದ್ರ. ತನಗೆ ಯಾವ ಚಂದ್ರ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿದವನಿಗೆ ಯಾವ ಲೆನ್ಸ್ ಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ತೀರ್ಮಾನಿಸದೆ ಹೋದವನಿಗೆ ಎಷ್ಟು ಲೆನ್ಸ್ ಕೊಂಡರೂ ಸಾಲದು.

ಛಾಯಾಗ್ರಹಣದಲ್ಲಿ ನೋಟ ಮೊದಲೋ ಯಂತ್ರ ಮೊದಲೋ ಎಂಬ ಹಳೆಯ ತಕರಾರಿಗೆ ಇಷ್ಟರಲ್ಲೇ ಉತ್ತರವಿದೆ. ಆದರೂ ಉತ್ತರ ಗೊತ್ತಿದ್ದವರೇ ದಾರಿ ತಪ್ಪುವುದು ಯಾಕೆ?

ಅಳೆಯಬಹುದಾದದ್ದರ ಸೆಳೆತ

ಯಂತ್ರವನ್ನು ಅಂಕಿಗಳಲ್ಲಿ ಹೇಳಬಹುದು. ಇದು 24 ಮೆಗಾಪಿಕ್ಸೆಲ್, ಅದು 45. ಇದು ಎಫ್ 2.8ರ ಲೆನ್ಸ್, ಅದು ಎಫ್ 1.4. ಇದು ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತದೆ, ಅದು ಇಪ್ಪತ್ತು. ಯಾವುದು ಮೇಲು ಎಂದು ಕಣ್ಣುಮುಚ್ಚಿ ಹೇಳಬಹುದು. ನೋಟಕ್ಕೆ ಇಂಥ ಅಂಕಿ ಇಲ್ಲ. ಇಬ್ಬರು ಛಾಯಾಗ್ರಾಹಕರಲ್ಲಿ ಯಾರಿಗೆ ಮುಖದ ಮೇಲಿನ ನೆರಳು ಹೆಚ್ಚು ಅರ್ಥವಾಗುತ್ತದೆ ಎಂಬುದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ. ಅಳೆಯಲಾಗದ್ದನ್ನು ಬೆಳೆಸಿಕೊಳ್ಳಲು ವರ್ಷಗಳು ಬೇಕು. ಅಳೆಯಬಹುದಾದದ್ದನ್ನು ಕಂತಿನಲ್ಲಿ ಇವತ್ತೇ ತರಬಹುದು. ಮನುಷ್ಯ ಎರಡನೆಯದಕ್ಕೆ ಒಲಿಯುವುದು ಸಹಜವೇ.

ಈ ಸೆಳೆತಕ್ಕೆ ವಯಸ್ಸಾಗಿದೆ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿ ತುಂಬಿದ ಕೊಡಕ್ ಡಬ್ಬಿಯನ್ನು ಮಾರುಕಟ್ಟೆಗೆ ತಂದಾಗ, ಗುಂಡಿ ಒತ್ತುವುದೊಂದೇ ಕೊಂಡವರ ಕೆಲಸ, ಉಳಿದದ್ದೆಲ್ಲ ಕಂಪನಿಯದು ಎಂಬ ಅರ್ಥದಲ್ಲಿ ಜಾಹೀರಾತು ಕೊಟ್ಟ. ಅದರಿಂದ ಒಳ್ಳೆಯದೇ ಆಯಿತು. ಸಾಮಾನ್ಯ ಸಂಸಾರಗಳ ಕೈಗೆ ಕ್ಯಾಮೆರಾ ಬಂತು. ಆದರೆ ಎಲ್ಲವನ್ನೂ ಯಂತ್ರವೇ ಮಾಡಿಕೊಡುತ್ತದೆ ಎಂಬ ನಂಬಿಕೆಯೂ ಅದರ ಜೊತೆಯಲ್ಲೇ ಬಂತು. ಆ ನಂಬಿಕೆಯನ್ನು ಹುಟ್ಟಿಸಿದ ಕೊಡಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿಕೊಳ್ಳಬೇಕಾಯಿತು. ವಿಚಿತ್ರವೆಂದರೆ, ಫಿಲಂ ಇಲ್ಲದ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ 1975ರಲ್ಲಿ ರೂಪುಗೊಂಡದ್ದು ಅದೇ ಕಂಪನಿಯ ಪ್ರಯೋಗಾಲಯದಲ್ಲಿ.

ಮೆಗಾಪಿಕ್ಸೆಲ್ ಎಂಬ ಮಂತ್ರವನ್ನೇ ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡಬಹುದು. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಇದ್ದರೆ ಧಾರಾಳವಾಯಿತು. 8 ಅಂಗುಲಕ್ಕೆ 12 ಅಂಗುಲದ ಚಿತ್ರಕ್ಕೆ 2400ನ್ನು 3600ರಿಂದ ಗುಣಿಸಿದರೆ 86 ಲಕ್ಷ, ಅಂದರೆ ಒಂಬತ್ತು ಮೆಗಾಪಿಕ್ಸೆಲ್‌ಗೂ ಕಡಿಮೆ. ಗೋಡೆಗೆ ಹಾಕುವ 12ಕ್ಕೆ 18 ಅಂಗುಲದ ಚಿತ್ರಕ್ಕೂ ಇಪ್ಪತ್ತು ಮೆಗಾಪಿಕ್ಸೆಲ್ ಸಾಕು. ಅದಕ್ಕಿಂತ ದೊಡ್ಡ ಫಲಕಗಳನ್ನು ಜನ ದೂರದಿಂದ ನೋಡುವುದರಿಂದ ಅಲ್ಲಿ ಅಷ್ಟು ಸೂಕ್ಷ್ಮತೆಯೂ ಬೇಡ. ಹಾಗಿದ್ದರೂ ಕೆಲಸ ಮಾಡುತ್ತಿರುವ ಕ್ಯಾಮೆರಾವನ್ನು ಮಾರಿ ಸಾಲದ ಮೇಲೆ ಹೊಸದನ್ನು ತರುವವರು ಸಣ್ಣ ಊರುಗಳಲ್ಲೂ ಕಡಿಮೆಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಹಳೆಯದು. ನೆಲವನ್ನೇ ಬದಲಾಯಿಸಲು ಸಾಲ ಕೊಡುವವರು ಇದ್ದುಬಿಟ್ಟರೆ ಕುಣಿತ ಕಲಿಯುವ ದಿನ ಎಂದಿಗೂ ಬರುವುದಿಲ್ಲ.

ಆದರೆ ಇಷ್ಟು ಹೇಳಿ ಉಪಕರಣಗಳನ್ನೆಲ್ಲ ಹೀಗಳೆದು ಕೈತೊಳೆದುಕೊಳ್ಳುವುದು ಸುಲಭವೂ ಹೌದು, ತಪ್ಪೂ ಹೌದು. ಕಲೆಗೂ ಉಪಕರಣಕ್ಕೂ ಇರುವ ನಂಟು ಎಂಥದು ಎಂದು ತಿಳಿಯಲು ತುಮಕೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯ ಕಡೆ ತಿರುಗಬೇಕು.

ಗುಬ್ಬಿಯ ಆನೆಗಳು, ಗುಬ್ಬಿಯ ಕಳ್ಳ

1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ಕಂಪನಿ ಎಂದೇ ಮನೆಮಾತಾಯಿತು. ಹುಡುಗನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ಕರ್ನಾಟಕದ ವೃತ್ತಿರಂಗಭೂಮಿಗೆ ಹೊಸ ಕಾಂತಿ ತಂದರು. ರಂಗಸಜ್ಜಿಕೆಯ ವಿಷಯದಲ್ಲಿ ವೀರಣ್ಣನವರು ಜಿಪುಣರಾಗಿರಲಿಲ್ಲ. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬಂದದ್ದು ಇಂದಿಗೂ ದಂತಕಥೆಯಂತೆ ನೆನಪಿಸಿಕೊಳ್ಳುವ ಸಂಗತಿ. ಮಹಾಭಾರತದ ಯುದ್ಧವನ್ನು ತೋರಿಸಬೇಕಿತ್ತು. ಅದರ ಅಗಾಧತೆ ಹಳ್ಳಿಗನ ಕಣ್ಣಿಗೂ ಕಟ್ಟಬೇಕಿತ್ತು. ಆನೆ ಬಂದದ್ದು ಆ ಅಗತ್ಯದಿಂದ.

ಆದರೆ ಇದೇ ವೀರಣ್ಣನವರು ಜನಮನದಲ್ಲಿ ಗಟ್ಟಿಯಾಗಿ ನೆಲೆ ನಿಂತದ್ದು ಹಾಸ್ಯನಟನಾಗಿ. ‘ಸದಾರಮೆ’ಯ ಕಳ್ಳನ ಪಾತ್ರ ಅವರ ಹೆಸರಿಗೆ ಅಂಟಿಕೊಂಡುಬಿಟ್ಟಿತು. ಆ ಕಳ್ಳನಿಗೆ ಆನೆ ಬೇಕಿರಲಿಲ್ಲ. ಒಬ್ಬ ನಟನ ನಡಿಗೆ, ಮಾತಿನ ವರಸೆ, ಮುಖದ ಮೇಲೆ ಸುಳಿದು ಹೋಗುವ ಭಾವ ಇಷ್ಟೇ ಬಂಡವಾಳ. ಒಂದೇ ಕಂಪನಿ, ಒಬ್ಬನೇ ಯಜಮಾನ. ಒಂದು ಕಡೆ ಗಜಪಡೆ, ಇನ್ನೊಂದು ಕಡೆ ಬರಿಗೈ. ಎರಡನ್ನೂ ಗೆಲ್ಲಿಸಿದ್ದು ಯಾವ ನಾಟಕಕ್ಕೆ ಯಾವುದು ಬೇಕು ಎಂಬ ವಿವೇಕ. ಕಳ್ಳನ ದೃಶ್ಯಕ್ಕೆ ಆನೆಯನ್ನು ತಂದಿದ್ದರೆ ನಗು ಸತ್ತುಹೋಗುತ್ತಿತ್ತು.

ಈ ಕಥೆಯ ಮುಂದಿನ ಭಾಗ ಛಾಯಾಗ್ರಾಹಕರಿಗೆ ಇನ್ನೂ ಮುಖ್ಯ. ರಂಗದ ಮೇಲಿನ ಅದ್ಭುತಗಳಿಗೆ ಪ್ರತಿಸ್ಪರ್ಧಿಯಾಗಿ ಬಂದದ್ದು ಸಿನಿಮಾ ಎಂಬ ಅದಕ್ಕಿಂತ ದೊಡ್ಡ ಯಂತ್ರ. ಕಣ್ಣು ಕೋರೈಸುವುದರಲ್ಲಿ ಪರದೆಯ ಮೇಲಿನ ಚಿತ್ರದ ಮುಂದೆ ರಂಗದ ಆನೆ ನಿಲ್ಲುವುದು ಕಷ್ಟ. ವೀರಣ್ಣನವರು ಅದನ್ನು ಬೇಗ ಅರಿತು ಮೂಕಿ ಚಿತ್ರಗಳ ಕಾಲದಲ್ಲೇ ಚಿತ್ರನಿರ್ಮಾಣಕ್ಕೆ ಕೈಹಾಕಿದರು. 1954ರಲ್ಲಿ ಅವರ ಸಂಸ್ಥೆಯಿಂದ ಬಂದ, ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ತೆರೆಯ ಮೇಲೆ ಕಾಣಿಸಿಕೊಂಡರು. ಮೂವರೂ ಗುಬ್ಬಿ ಕಂಪನಿಯ ನೀರು ಕುಡಿದು ಬೆಳೆದವರು. ಮನೆಬಿಟ್ಟು ಓಡಿಬಂದು ಇದೇ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮುಂದೆ ಹೆಚ್ಚು ಸಜ್ಜಿಕೆಯಿಲ್ಲದ ರಂಗದ ಮೇಲೆ ಹಾಡು, ಚಲನೆ, ಸಾಮಾನ್ಯ ವಸ್ತುಗಳಿಂದ ಹೊರಡುವ ನಾದ ಇವುಗಳಿಂದಲೇ ನಾಟಕ ಕಟ್ಟಿ ದೇಶದ ಗಮನ ಸೆಳೆದರು. ಕಂಪನಿಯ ಪರದೆಗಳು ಮಾಸಿದವು, ಆನೆಗಳು ಹೋದವು. ಅಲ್ಲಿ ಪಳಗಿದವರ ಕಲೆ ಮಾತ್ರ ಸಿನಿಮಾಕ್ಕೂ ಹೊಸ ರಂಗಭೂಮಿಗೂ ದಾಟಿ ಉಳಿಯಿತು. ಯಂತ್ರದ ಬಲದಿಂದ ಗೆದ್ದದ್ದನ್ನು ಮುಂದಿನ ಯಂತ್ರ ಸೋಲಿಸುತ್ತದೆ. ಪಳಗಿದ ಕಣ್ಣನ್ನೂ ಕಿವಿಯನ್ನೂ ಹಾಗೆ ಸೋಲಿಸಲು ಬರುವುದಿಲ್ಲ.

ಕುದುರೆ ಕೇಳಿದ ಪ್ರಶ್ನೆ

ಹಾಗಾದರೆ ಯಂತ್ರ ನೋಟಕ್ಕೆ ಹೊಸದೇನನ್ನೂ ಕೊಡುವುದಿಲ್ಲವೇ? ಕೊಡುತ್ತದೆ. ಇದಕ್ಕೆ ಸಾಕ್ಷಿ ಹೇಳುವುದು ಕುದುರೆ. ಕುದುರೆಯ ಮಾತು ಎತ್ತಿದರೆ ಮತ್ತೆ ಕುಣಿಗಲ್ಲೇ ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುತ್ತಿದ್ದ ಜಾಗವೆಂದು ಹೆಸರಾದ ಅಲ್ಲಿನ ಕುದುರೆ ಫಾರಂ ಮುಂದೆ ರೇಸಿನ ಕುದುರೆಗಳ ತಳಿ ಬೆಳೆಸಿ ಪ್ರಸಿದ್ಧವಾಯಿತು. ಓಡುವ ಕುದುರೆಯನ್ನು ದಿನವೂ ನೋಡುವವರಿಗೂ ಒಂದು ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ: ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಲೇ ನೆಲ ಬಿಡುತ್ತವೆಯೇ? ಬಿಟ್ಟರೆ ಆಗ ಅವು ಹೇಗಿರುತ್ತವೆ?

ಚಿತ್ರಕಾರರು ಶತಮಾನಗಳ ಕಾಲ ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಹಾರುವಂತೆ ಬರೆಯುತ್ತಿದ್ದರು. ಅಮೆರಿಕದ ಶ್ರೀಮಂತ, ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್ ಲೀಲೆಂಡ್ ಸ್ಟ್ಯಾನ್‌ಫರ್ಡ್‌ಗೆ ಕುದುರೆಗಳ ಹುಚ್ಚು. ಅವನು ಈ ಪ್ರಶ್ನೆಯನ್ನು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನ ಮುಂದಿಟ್ಟ. ಮೈಬ್ರಿಜ್‌ಗೆ ಬೇಕಾದ ಯಂತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ. ಆಗಿನ ಗಾಜಿನ ಫಲಕಗಳ ಮೇಲೆ ಚಿತ್ರ ಮೂಡಲು ಸಾಮಾನ್ಯವಾಗಿ ಸೆಕೆಂಡುಗಳೇ ಹಿಡಿಯುತ್ತಿದ್ದವು. ವರ್ಷಗಳ ಪ್ರಯೋಗದ ಮೇಲೆ 1878ರ ಜೂನ್ ತಿಂಗಳಲ್ಲಿ ಓಟದ ಹಾದಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಎದುರಿಗೆ ಬಿಳಿಯ ಹಿನ್ನೆಲೆ ಕಟ್ಟಿ, ಹಾದಿಗೆ ಅಡ್ಡಲಾಗಿ ತಂತಿಗಳನ್ನು ಎಳೆದ. ಕುದುರೆ ಓಡಿದಂತೆ ಒಂದೊಂದೇ ಅತಿವೇಗದ ಷಟರ್ ತೆರೆದು ಮುಚ್ಚಿತು. ನಾಲ್ಕೂ ಕಾಲು ನೆಲ ಬಿಡುವುದು ನಿಜವೆಂದು ಗೊತ್ತಾಯಿತು. ಆದರೆ ಆ ಗಳಿಗೆಯಲ್ಲಿ ಕಾಲುಗಳು ಚಾಚಿಕೊಂಡಿರಲಿಲ್ಲ, ಹೊಟ್ಟೆಯ ಕೆಳಗೆ ಮಡಿಚಿಕೊಂಡಿದ್ದವು. ಫ್ರಾನ್ಸಿನ ಡೆಗಾನಂಥ ಹೆಸರಾಂತ ಕಲಾವಿದರು ಈ ಚಿತ್ರಗಳನ್ನು ಅಭ್ಯಾಸ ಮಾಡಿದರು.

ಮನುಷ್ಯನ ಕಣ್ಣು ಕಾಣಲಾಗದ್ದನ್ನು ಇಲ್ಲಿ ಯಂತ್ರ ಕಂಡಿತು. ಆದರೆ ಕ್ರಮವನ್ನು ಗಮನಿಸಬೇಕು. ಮೊದಲು ಹುಟ್ಟಿದ್ದು ಪ್ರಶ್ನೆ, ಆ ಪ್ರಶ್ನೆ ಯಂತ್ರವನ್ನು ಹುಟ್ಟಿಸಿತು. ಈಗಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯಬಲ್ಲದು. ಒಂದು ಮದುವೆಯಲ್ಲಿ ನಾಲ್ಕು ಸಾವಿರ ಚಿತ್ರ ತೆಗೆದು, ಅವುಗಳಲ್ಲಿ ಯಾವುದನ್ನು ಉಳಿಸಬೇಕೆಂದು ತಿಳಿಯದೆ ಒದ್ದಾಡುವುದು ಪ್ರಶ್ನೆಯಿಲ್ಲದ ಉತ್ತರಗಳ ರಾಶಿಯನ್ನು ಗುಡಿಸಿದಂತೆ. ಮೈಬ್ರಿಜ್‌ಗೆ ಹನ್ನೆರಡೇ ಚಿತ್ರ ಸಾಕಾದವು, ಏಕೆಂದರೆ ತಾನು ಏನನ್ನು ಹುಡುಕುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು.

ಎರಡು ಕನ್ನಡಿ

ಇದೇ ಮಾತಿಗೆ ಕನ್ನಡಿಗರೊಬ್ಬರ ಕೆಲಸವೂ ನಿದರ್ಶನ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿದ ವಿ.ಕೆ. ಮೂರ್ತಿ ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಗಲವಾದ ತೆರೆಗಾಗಿ ವಿಶೇಷ ಲೆನ್ಸ್ ಬೇಕಿತ್ತು, ಅದನ್ನು ತರಿಸಿದ್ದೂ ಆಯಿತು. ಆಗಿನ ಭಾರತೀಯ ಚಿತ್ರರಂಗಕ್ಕೆ ಅದು ಹೊಸ ಉಪಕರಣವೇ ಆಗಿತ್ತು.

ಆದರೆ ಆ ಚಿತ್ರ ಎಂದೊಡನೆ ಜನ ನೆನೆಯುವುದು ಕತ್ತಲು ತುಂಬಿದ ಖಾಲಿ ಸ್ಟುಡಿಯೋದೊಳಗೆ ಓರೆಯಾಗಿ ಇಳಿಯುವ ಬೆಳಕಿನ ಒಂದು ಕೋಲನ್ನು. ಅದರ ಆಚೆಗೊಬ್ಬರು, ಈಚೆಗೊಬ್ಬರು ನಿಂತಿದ್ದಾರೆ, ನಡುವೆ ದಾಟಲಾಗದ ದೂರ. ಸ್ಟುಡಿಯೋ ದೀಪಗಳಿಂದ ಅಂಥ ಸಮಾಂತರವಾದ, ಚದುರದ ಬೆಳಕು ಪಡೆಯುವುದು ಕಷ್ಟ. ದೀಪ ಹತ್ತಿರದಲ್ಲಿರುವುದರಿಂದ ಅದರ ಕಿರಣಗಳು ಹರಡಿಕೊಳ್ಳುತ್ತವೆ; ಸೂರ್ಯ ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತವೆ. ಮೂರ್ತಿಯವರು ಮಾಡಿದ್ದಿಷ್ಟು: ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಹಿಡಿಸಿದರು, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿ ಇಡಿಸಿದರು. ಮೊದಲ ಕನ್ನಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಕತ್ತಲೆಗೆ ಬಿಸಿಲು ಇಳಿಯಿತು. ಹೊಸ ಲೆನ್ಸ್ ಆ ದೃಶ್ಯವನ್ನು ದಾಖಲಿಸಿತು; ದೃಶ್ಯ ಹುಟ್ಟಿದ್ದು ಬೆಳಕಿನ ಸ್ವಭಾವ ಬಲ್ಲ ಮನುಷ್ಯನ ತಲೆಯಲ್ಲಿ. ಮುಂದೆ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಎನಿಸಿದರು. 2014ರಲ್ಲಿ ತೀರಿಕೊಂಡರು.

ಅದೇ ಮೈಸೂರಿನಲ್ಲಿ ಅದೇ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಪತ್ರಿಕಾ ಛಾಯಾಗ್ರಾಹಕರಾಗಿ ದುಡಿದವರು. ಅವರ ಚಿತ್ರಗಳ ವಸ್ತು ಬಹುಮಟ್ಟಿಗೆ ಸಾಮಾನ್ಯ ಜನರ ಸಾಮಾನ್ಯ ದಿನ: ಆಡುವ ಮಕ್ಕಳು, ಕೆಲಸದಲ್ಲಿ ತೊಡಗಿದ ಹೆಂಗಸರು, ಬೀದಿ, ಶಾಲೆ. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಪರೂಪದ ವಸ್ತುವನ್ನು ಹುಡುಕಿಕೊಂಡು ಹೋಗಲು ಹಣ ಬೇಕು. ದಿನಾ ಕಾಣುವುದನ್ನು ಅಪರೂಪವಾಗಿ ಕಾಣಲು ಬೇಕಾದದ್ದು ಸಹನೆ, ಎದುರಿಗಿರುವ ಮನುಷ್ಯರ ಬಗ್ಗೆ ಪ್ರೀತಿ. ಎರಡೂ ಅಂಗಡಿಯಲ್ಲಿ ಸಿಗುವುದಿಲ್ಲ.

ತೆಗೆಯದೇ ಬಿಡುವ ಚಿತ್ರ

ಉಪಕರಣದ ಗೀಳಿಗೆ ಕೆಲವೊಮ್ಮೆ ಬೆಲೆ ತೆರುವುದು ಬೇರೆಯವರು. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತ ಕಾಡುಪಾಪವಿದೆ. ಅಂಗೈಯಲ್ಲಿ ಹಿಡಿಸುವಷ್ಟು ಮೈ, ಮುಖದ ತುಂಬ ಎರಡು ದುಂಡು ಕಣ್ಣುಗಳ ಈ ಪ್ರಾಣಿ ಓಡಾಡುವುದು ರಾತ್ರಿ. ಕತ್ತಲಲ್ಲಿ ಕಾಣಲೆಂದೇ ರೂಪುಗೊಂಡ ಆ ಕಣ್ಣುಗಳ ಮೇಲೆ ಪ್ರಬಲ ಟಾರ್ಚನ್ನೋ ಮೇಲಿಂದ ಮೇಲೆ ಫ್ಲಾಷನ್ನೋ ಬಿಟ್ಟರೆ ಅದಕ್ಕೆ ಗಾಬರಿ, ಸಂಕಟ. ಹೊಸ ಫ್ಲಾಷ್ ಕೊಂಡವರಿಗೆ ಮಾತ್ರ ಅದನ್ನು ಪರೀಕ್ಷಿಸುವ ಆತುರ. ಕಾಡುಪಾಪದ ಅಧ್ಯಯನ ಮಾಡುವವರು ಮಂದವಾದ ಕೆಂಪು ಬೆಳಕನ್ನು ಬಳಸಿ, ಬೇಗ ನೋಡಿ ಹಿಂದೆ ಸರಿಯುತ್ತಾರೆ. ಎದುರಿಗಿರುವ ಜೀವವನ್ನು ಚಿತ್ರದ ಸರಕು ಎಂದು ಎಣಿಸುವವನಿಗೂ ಜೀವವೆಂದೇ ಕಾಣುವವನಿಗೂ ಇರುವ ವ್ಯತ್ಯಾಸ ಇಂಥಲ್ಲಿ ಬಯಲಾಗುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಬಿಡುವುದೂ ಕೆಲವೊಮ್ಮೆ ಒಳ್ಳೆಯ ನೋಟದ ಭಾಗ.

ಸ್ಟುಡಿಯೋ ಕಲಿಸಿದ ಪಾಠ

ಕೊನೆಗೆ ತುಮಕೂರಿನಂಥ ಊರುಗಳ ಸ್ಟುಡಿಯೋಗಳ ಮಾತು. ಹಿಂದಿನ ತಲೆಮಾರಿನ ಸ್ಟುಡಿಯೋ ಎಂದರೆ ಒಂದು ಕೋಣೆ, ನಾಟಕ ಕಂಪನಿಯ ಪರದೆಯ ಸೋದರ ಸಂಬಂಧಿಯಂತೆ ತೋರುವ ಬಣ್ಣ ಬಳಿದ ಒಂದು ಹಿನ್ನೆಲೆ, ಎರಡು ದೀಪ, ಒಂದು ಸ್ಟೂಲು, ಮೂಲೆಯಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಎದೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಯಾಶಿಕಾದಂಥ ಕ್ಯಾಮೆರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಒಂದೊಂದು ಚಿತ್ರಕ್ಕೂ ಕಾಸು ಲೆಕ್ಕ. ಹಾಗಾಗಿ ಗುಂಡಿ ಒತ್ತುವ ಮೊದಲು ಛಾಯಾಗ್ರಾಹಕ ನೋಡಲೇಬೇಕಿತ್ತು: ಅಜ್ಜಿಯ ಸೆರಗು ಸರಿಯಿದೆಯೇ, ಮಗುವಿನ ಕತ್ತು ಓಲಿದೆಯೇ, ಯಜಮಾನರ ಮುಖದ ಬಿಗುವು ಸಡಿಲವಾಯಿತೇ. ಎದುರಿಗೆ ಕುಳಿತವರನ್ನು ಒಂದು ಮಾತಾಡಿ ನಗಿಸಿ, ಆ ನಗು ತುಟಿಯಿಂದ ಕಣ್ಣಿಗೆ ಏರುವವರೆಗೂ ಕಾದು ಒತ್ತುತ್ತಿದ್ದ. ಬಡತನ ಕಲಿಸಿದ ಶಿಸ್ತು ಅದು. ಆ ಬಡತನ ಮರಳಿ ಬರಲಿ ಎಂದು ಯಾರೂ ಬಯಸಬೇಕಿಲ್ಲ. ಶಿಸ್ತನ್ನು ಮಾತ್ರ ಈಗಲೂ ಉಳಿಸಿಕೊಳ್ಳಬಹುದು.

ಅದಕ್ಕೆ ಸಾಲ ಬೇಕಿಲ್ಲ. ಇರುವ ಕ್ಯಾಮೆರಾದಲ್ಲೇ ಒಂದು ತಿಂಗಳು ಒಂದೇ ಲೆನ್ಸ್ ಬಳಸಿ ನೋಡಬಹುದು. ಹತ್ತಿರ ಬೇಕಾದರೆ ಕಾಲು ನಡೆದು ಹೋಗುತ್ತದೆ, ಕಣ್ಣು ಚೌಕಟ್ಟನ್ನು ಮೊದಲೇ ಊಹಿಸಲು ಕಲಿಯುತ್ತದೆ. ದಿನಕ್ಕೆ ಹನ್ನೆರಡೇ ಚಿತ್ರ ಎಂದು ನೇಮ ಹಾಕಿಕೊಳ್ಳಬಹುದು. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಒಂದೊಂದೇ ಹೆಜ್ಜೆ ಒಳಕ್ಕೆ ಸರಿಸುತ್ತ ಮುಖದ ಮೇಲಿನ ಬೆಳಕು ಎಷ್ಟು ಬೇಗ ಇಳಿಯುತ್ತದೆ, ಕೆನ್ನೆಯ ನೆರಳು ಎಲ್ಲಿ ಗಾಢವಾಗುತ್ತದೆ ಎಂದು ಗಮನಿಸಬಹುದು. ಆಮೇಲೆ, ಕ್ಯಾಮೆರಾ ನಿಜವಾಗಿಯೂ ಅಡ್ಡಬಂದಾಗ, ಅಂದರೆ ಮನಸ್ಸಿನಲ್ಲಿ ಸ್ಪಷ್ಟವಾಗಿರುವ ಚಿತ್ರವನ್ನು ಅದು ಕೊಡಲಾರದೆ ಹೋದಾಗ, ಹೊಸದನ್ನು ಧೈರ್ಯವಾಗಿ ಕೊಳ್ಳಬಹುದು. ಮಂದ ಬೆಳಕಿನ ಕಲ್ಯಾಣಮಂಟಪದಲ್ಲಿ ದುಡಿಯುವವನಿಗೆ ಹೆಚ್ಚು ಬೆಳಕು ಹಿಡಿಯುವ ಲೆನ್ಸ್ ಶೋಕಿಯಲ್ಲ, ನೇಗಿಲಿದ್ದಂತೆ. ಏನನ್ನು ಕೊಳ್ಳಬೇಕೆಂದು ಆಗ ದರಪಟ್ಟಿ ನಿರ್ಧರಿಸುವುದಿಲ್ಲ, ಕೆಲಸ ನಿರ್ಧರಿಸುತ್ತದೆ.

ಇದೆಲ್ಲ ಬರಿಯ ಕಲೆಯ ಚರ್ಚೆಯಂತೆ ಕಂಡರೂ ಇದರಲ್ಲಿ ಸಂಸಾರಗಳ ಪಾಲೂ ಇದೆ. ಮನೆಯ ಹಿರಿಯರು ತೀರಿಕೊಂಡ ಮರುದಿನ ಮಕ್ಕಳು ಒಂದು ಫೋಟೋ ಹಿಡಿದು ಸ್ಟುಡಿಯೋಕ್ಕೆ ಬರುತ್ತಾರೆ. ಫೋನಿನಲ್ಲಿ ಸಾವಿರಾರು ಚಿತ್ರಗಳಿದ್ದರೂ ಅವರು ತಂದದ್ದು ಯಾವುದೋ ಮದುವೆಯ ಗುಂಪಿನಲ್ಲಿ ಅರ್ಧ ಮರೆಯಾದ ಮುಖವೋ, ಮತದಾರರ ಗುರುತಿನ ಚೀಟಿಯ ಮಸುಕು ಚಿತ್ರವೋ ಆಗಿರುತ್ತದೆ. ಅದನ್ನೇ ಕತ್ತರಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಹಾರ ತೊಡಿಸಬೇಕು. ಅಪ್ಪ ಹೀಗಿರಲಿಲ್ಲ ಎಂದು ಮಕ್ಕಳು ಹೇಳುವಾಗ ಅವರು ದೂರುತ್ತಿರುವುದು ಮೆಗಾಪಿಕ್ಸೆಲ್‌ಗಳನ್ನಲ್ಲ. ಅಪ್ಪ ಬದುಕಿದ್ದಾಗ ಯಾರೂ ಅವರನ್ನು ನಿಂತು, ಪುರುಸೊತ್ತಾಗಿ ನೋಡಲಿಲ್ಲ ಎಂಬ ಕೊರಗು ಅದು. ಆ ಕೊರಗನ್ನು ತಪ್ಪಿಸುವ ಚಿತ್ರಕ್ಕೆ ಒಂದು ಕಿಟಕಿ, ಒಂದು ಕುರ್ಚಿ, ಹತ್ತು ನಿಮಿಷದ ಮಾತು ಸಾಕು; ಕ್ಯಾಮೆರಾ ಈಗಾಗಲೇ ಎಲ್ಲರ ಜೇಬಿನಲ್ಲೂ ಇದೆ.